ಬಸವನಹುಳುವಿನ ಬಾಲ

"ಇಂಟರ್ನಲ್ ಎಗ್ಸಾಮಿನರ್ ಯಾರು?"

ಆ ದನಿ ಕಿವಿಗೆ ಬಿದ್ದ ಕೂಡಲೇ ಹಂಸಳ ಕೈಯಲ್ಲಿದ್ದ ಗಾಜಿನ ಜಾಡಿ ಜಾರಿತು. ಅಟೆಂಡರ್ ಅಹ್ಮದ್ ಪಾಷಾ ಕೆಳಗಿನಿಂದ ಕೈಯೊಡ್ಡಿ ಹಿಡಿಯದಿದ್ದರೆ, ಹಲಸೂರಿನ ಆ ಕಾಲೇಜಿನಲ್ಲಿದ್ದ ಒಂದೇ ಒಂದು ನಕ್ಷತ್ರಮೀನು ಫಾರ್ಮಲಿನ್ ಸಮೇತ ನೆಲದ ಪಾಲಾಗುತ್ತಿತ್ತು.

ಅವಳು ತಿರುಗಿ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ.

ವಸಂತ್...

ಪ್ರಾಕ್ಟಿಕಲ್ ಪರೀಕ್ಷೆಗೆ ಬರಬೇಕಿದ್ದ ಹೊರಗಿನ ಎಗ್ಸಾಮಿನರ್‌ಗೆ ಹುಷಾರಿಲ್ಲ, ಬದಲಿಗೆ ಕೋಲಾರದಿಂದ ಬೇರೆಯವರು ಬರುತ್ತಾರೆ ಎಂದು ಬೆಳಿಗ್ಗೆ ಫೋನ್ ಬಂದಿತ್ತು. ಆ ಬೇರೆಯವರು ಯಾರೆಂದು ಕೇಳುವ ಬುದ್ಧಿ ಅವಳಿಗೆ ಬಂದಿರಲಿಲ್ಲ.

"ನಾನೇ ಸರ್," ಎಂದಳು.

"ಶುರು ಮಾಡೋಣ ಮೇಡಂ," ಎಂದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಸರ್ ಅಂತೆ, ಮೇಡಂ ಅಂತೆ! ಒಂದೇ ಡಿಸೆಕ್ಷನ್ ಟ್ರೇಯ ಮೇಲೆ ತಲೆ ಬಗ್ಗಿಸಿ ಎಂ.ಎಸ್ಸಿ. ಮುಗಿಸಿದವರು. 'ಲೇ ಹಂಸ, ಕತ್ತರಿ ಕೊಡೇ' ಎಂದು ಇಡೀ ಲ್ಯಾಬ್ ಕೇಳುವಂತೆ ಕೂಗುತ್ತಿದ್ದವನು ಇವನೇ.

ಬರಬಾರದ ದಿನವೇ ಬಂದಿದ್ದ. ಅವತ್ತು ಬೆಳಿಗ್ಗೆ ದೊಡ್ಡನೆಕ್ಕುಂದಿಯ ಮನೆಯಲ್ಲಿ ಅಪ್ಪ ಮುನಿಶಾಮಿ ಖಡಾಖಂಡಿತವಾಗಿ ಹೇಳಿದ್ದ: "ಸಂಜೆ ಕೆ.ಆರ್. ಪುರದಿಂದ ಶ್ರೀನಾಥ್ ಮನೆಯವರು ಬರ್ತಾರೆ. ಹೆಂಡ್ತಿ ಸತ್ತವನು ಅಂತ ಮೂತಿ ತಿರುವ್ಬೇಡ. ನಿನ್ನ ವಯಸ್ಸಿಗೆ ರಾಜಕುಮಾರ ಬರಲ್ಲ. ಈ ಸಲ ಹೂಂ ಅನ್ಬೇಕು."

ಅವಳು ಹೂಂ ಎನ್ನುವುದೆಂದೇ ತೀರ್ಮಾನಿಸಿದ್ದಳು. ಯಾರಿಗಾಗಿ ಕಾಯುವುದು? ಒಂದು ಮಾತೂ ಹೇಳದೆ ಎದ್ದು ಹೋದವನಿಗಾಗಿಯೇ?

ಮೇಜಿನ ತುದಿಯಲ್ಲಿ ಒಂದು ನೀರಿನ ಬೋಗುಣಿ ಇತ್ತು. ಒಳಗೊಂದು ಕೆರೆಯ ಬಸವನಹುಳು, ನಿಂಬೆಹಣ್ಣಿನ ಗಾತ್ರದ್ದು. ಪಾಷಾ ಹೊಸಕೋಟೆ ಕಡೆಯ ಬತ್ತಿದ ಕೆರೆಯ ಕೆಸರಿನಿಂದ ತಂದಿದ್ದ.

ವಸಂತ್ ಅದನ್ನು ಬೆರಳಿನಿಂದ ತಟ್ಟಿದ. "ಇದು ಸತ್ತಿದೆ. ಯಾಕಿಟ್ಕೊಂಡಿದೀರಿ ಮೇಡಂ? ವಾಸನೆ ಬರುತ್ತೆ."

"ನಾನೂ ಅದನ್ನೇ ಅಂದೆ ಸರ್. ಇದರ ಕಥೆ ಖತಂ ಅಂತ. ಮೇಡಂ ಕೇಳ್ಬೇಕಲ್ಲ," ಎಂದ ಪಾಷಾ.

"ಸತ್ತಿದ್ರೆ ಚಿಪ್ಪಿನ ಮುಚ್ಚಳ ಸಡಿಲ ಆಗಿರ್ತಿತ್ತು ಸರ್," ಎಂದಳು ಹಂಸ. "ಇದು ಒಳಗಿಂದ ಬಿಗಿಯಾಗಿ ಎಳ್ಕೊಂಡಿದೆ. ನೀರು ಬತ್ತಿದಾಗ ಬಾಗಿಲು ಹಾಕ್ಕೊಂಡು ತಿಂಗಳುಗಟ್ಟಲೆ ಕೂರೋ ಪ್ರಾಣಿ. ನಿಮಗೆ ಗೊತ್ತಿಲ್ಲದ್ದೇನಲ್ಲ."

"ನನಗೆ ಗೊತ್ತಿರೋದೆಲ್ಲ ಪುಸ್ತಕದ್ದು. ಯಾರ ಒಳಗೇನಿದೆ ಅಂತ ನನಗೆ ತಿಳಿಯಲ್ಲ."

ಆ ಮಾತು ಚುಚ್ಚಲೆಂದೇ ಆಡಿದ್ದು. ಚುಚ್ಚಿತು ಕೂಡ.

ಹುಡುಗಿಯರು ಒಳಗೆ ಬಂದು ಮೇಜಿನ ಸುತ್ತ ನಿಂತರು. ವಸಂತ್ ಮೊದಲು ನಕ್ಷತ್ರಮೀನಿನ ಜಾಡಿಯನ್ನು ಮುಂದಕ್ಕೆ ತಳ್ಳಿದ. ಶಿವಾಜಿನಗರದ ಮೆಹ್ವಿಶ್ ಪಟಪಟನೆ ಉತ್ತರ ಕೊಟ್ಟಳು. ಇದಕ್ಕೆ ತಲೆ ಇಲ್ಲ, ಮೆದುಳಿಲ್ಲ. ಮೈಯೊಳಗಿನ ಕೊಳವೆಗಳಲ್ಲಿ ನೀರು ಹರಿದು, ಅದರ ಒತ್ತಡದಿಂದಲೇ ಪುಟ್ಟ ಪುಟ್ಟ ಪಾದಗಳು ನಡೆಯುತ್ತವೆ.

"ಒಂದು ತೋಳು ಕಡಿದು ಬಿದ್ರೆ?"

"ಮತ್ತೆ ಬೆಳೆಯುತ್ತೆ ಸರ್."

"ಬಿದ್ದ ತೋಳಿನ ಗತಿ?"

"ನಡುವಿನ ಭಾಗ ಸ್ವಲ್ಪ ಅಂಟಿಕೊಂಡು ಬಂದಿದ್ರೆ ಕೆಲವು ಜಾತೀಲಿ ಬದುಕುತ್ತೆ. ಇಲ್ಲಾಂದ್ರೆ ಕೊಳೆಯುತ್ತೆ ಸರ್."

ಹಂಸ ಕಿಟಕಿಯ ಕಡೆ ನೋಡಿದಳು.

"ಸರಿ. ನಾಲಿಗೆ ಮೇಲೆ ಸಾಲು ಸಾಲು ಹಲ್ಲಿರೋದು ಯಾರಿಗೆ?"

"ಬಸವನಹುಳುಗೆ ಸರ್."

"ನಮ್ಮ ಅತ್ತೆಗೂ ಇದೆ ಸರ್," ಎಂದು ಪಾಷಾ ಹಿಂದಿನಿಂದ ಗೊಣಗಿದ. ಹುಡುಗಿಯರು ಕಿಸಕ್ಕೆಂದರು.

ವಸಂತ್ ನಗಲಿಲ್ಲ. ಚಿಪ್ಪು ಬಿಡಿಸಿ ಜಾಡಿಯಲ್ಲಿಟ್ಟಿದ್ದ ಇನ್ನೊಂದು ಬಸವನಹುಳುವಿನ ತುದಿಯ ಕಂದು ಸುರುಳಿಯನ್ನು ತೋರಿಸಿದ. "ಇದೇನು?"

"ಜೀರ್ಣಗ್ರಂಥಿ ಸರ್," ಎಂದಳು ಕಮ್ಮನಹಳ್ಳಿಯ ನಾಜಿಶ್. ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. "ಸರ್, ಇದನ್ನ ತಿಂತಾರಂತೆ ಹೌದಾ? ಛೀ... ಯಾರ್ ತಿಂತಾರೋ ಇಂಥದನ್ನ."

ಎಲ್ಲರೂ ನಕ್ಕರು.

ವಸಂತ್ ಚಿಮುಟವನ್ನು ಕೆಳಗಿಟ್ಟ. ಬಂದಾಗಿನಿಂದ ಮೊದಲ ಸಲ ಹಂಸಳನ್ನು ನೇರವಾಗಿ ನೋಡಿದ.

"ನೀವ್ಯಾಕೆ ಸುಮ್ನಿದೀರಿ? ನಗಿ ಮೇಡಂ. ನಿಮಗೆ ಇದು ನಗು ಬರೋ ವಿಷಯ ಅಲ್ವಾ?"



ಎಂಟು ವರ್ಷ. ಆ ಒಂದು ನಗುವನ್ನು ಇವನು ಎಂಟು ವರ್ಷ ಎದೆಯಲ್ಲಿಟ್ಟುಕೊಂಡು ಸಾಕಿದ್ದಾನೆ!

ಅವತ್ತು ವಸಂತ್ ಹಂಸಳ ಮನೆಗೆ ಹೆಣ್ಣು ಕೇಳಲು ಬಂದಿದ್ದ, ಒಬ್ಬನೇ. ಅವನು ಹಲಸೂರಿನ ಹಿಂದಿನ ಗಲ್ಲಿಯವನು. ಗೋಡೆಯ ಮೇಲೆ ಬುದ್ಧನ ಪಟವಿರುವ ಮನೆ. ಅವಳದು ಹೊಲ ಮಾರಿದ ದುಡ್ಡಲ್ಲಿ ಪಿ.ಜಿ. ಕಟ್ಟಡ ಎಬ್ಬಿಸಿದ ಮನೆ. ಆದರೂ ಅಪ್ಪ ಎಲೆ ಹಾಕಿಸಿದ್ದ. ಓದಿದ ಹುಡುಗ, ಮಾತಾಡಿ ನೋಡೋಣ ಎಂದಿದ್ದ.

ಊಟಕ್ಕೆ ಕೂತಾಗ ಅಜ್ಜಿ ದೊಡ್ಡಮುನಿಯಮ್ಮ ಕೇಳಿದ್ದಳು. "ಏನಪ್ಪಾ ಓದಿರೋದು ನೀನು?"

"ಬಸವನಹುಳು ಬಗ್ಗೆ ಅಜ್ಜಿ."

"ಅದ್ರಾಗೆ ಓದಾಕೇನೈತೆ?"

ಹುಡುಗನಿಗೆ ಹುರುಪು. "ತುಂಬಾ ಇದೆ ಅಜ್ಜಿ. ನಮ್ಮಜ್ಜಿ ಕೆರೇಲಿ ಆಯ್ದು ಸಾರು ಮಾಡ್ತಿದ್ರು. ಒಂದು ಬಾಲ ಉಳಿದ್ರೂ ಮಡಕೆಯೆಲ್ಲ ಕಹಿ ಅಂತ ನಮ್ಮನ್ನ ಬೈತಿದ್ರು."

ಹಂಸ ಗೊಳ್ಳೆಂದು ನಕ್ಕುಬಿಟ್ಟಿದ್ದಳು.

ಮರುಕ್ಷಣ ಅಪ್ಪ ಎಲೆ ಬಿಟ್ಟು ಎದ್ದಿದ್ದ. "ಹುಳು ತಿನ್ನೋರ ಜೊತೆ ನಾವು ಸಂಬಂಧ ಬೆಳೆಸಲ್ಲ."

ವಸಂತ್ ಕೈ ತೊಳೆದುಕೊಂಡು ಹೋದವನು ಮತ್ತೆ ಅವಳ ಫೋನ್ ಎತ್ತಿರಲಿಲ್ಲ.

ದುಡ್ಡು ಬಂದ ಮನೆ ಮೊದಲು ಮರೆಯುವುದು ತಾನು ತಿಂದದ್ದನ್ನು. ಹುಳು ತಿಂದರೆ ಮರ್ಯಾದೆ ಹೋಗುತ್ತದಂತೆ. ಹುಳು ಬದುಕಿದ್ದ ಕೆರೆಕುಂಟೆಯನ್ನು ಮಣ್ಣು ತುಂಬಿ ಸೈಟು ಮಾಡಿದರೆ ಹೋಗುವುದಿಲ್ಲವಂತೆ!

ಲ್ಯಾಬಿನಲ್ಲಿ ಹುಡುಗಿಯರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಹಂಸ ನಾಜಿಶ್ ಕಡೆ ತಿರುಗಿದಳು.

"ನಾನು ತಿಂದಿದೀನಿ."

"ಮೇಡಂ?"

"ಬಸವನಹುಳು. ನಮ್ಮಜ್ಜಿ ದೊಡ್ಡನೆಕ್ಕುಂದಿ ಕೆರೆಯಿಂದ ಮಡಿಲು ತುಂಬ ಆಯ್ದು ತರ್ತಿದ್ದಳು. ರಾತ್ರಿಯೆಲ್ಲ ನೀರಲ್ಲಿ ಬಿಟ್ಟು, ಮಣ್ಣು ಕಕ್ಕಿಸಿ, ಬೇಯಿಸಿ, ಮುಳ್ಳಲ್ಲಿ ಎಳೆದು ತೆಗೀತಿದ್ದಳು. ತುದಿ ಕಿತ್ತು ಹಾಕೋದು ನನ್ನ ಕೆಲಸ. ಈಗ ನೀನು ಜೀರ್ಣಗ್ರಂಥಿ ಅಂದೆಯಲ್ಲ, ಅದನ್ನೇ ಅಜ್ಜಿ ಬಾಲ ಅಂತಿದ್ದಳು."

 ಅಷ್ಟಕ್ಕೇ ನಿಲ್ಲಿಸಲಿಲ್ಲ. ಈಗ ಅವಳು ನೋಡುತ್ತಿದ್ದುದು ವಸಂತನನ್ನು.

"ಒಂದು ಬಾಲ ಉಳಿದ್ರೂ ಮಡಕೆಯೆಲ್ಲ ಕಹಿ ಅಂತ ನನ್ನ ತಲೆಗೆ ಮೊಟಕ್ತಿದ್ದಳು. ಇದೇ ಮಾತು. ಒಂದಕ್ಷರ ಆಚೆ ಈಚೆ ಇಲ್ಲ. ಬೇರೆ ಯಾರದೋ ಬಾಯಲ್ಲಿ ಅದನ್ನ ಕೇಳಿದಾಗ ನನಗೆ ನಗು ಬಂತು. ಖುಷಿಗೆ ಬಂದ ನಗು ಅದು."

  ವಸಂತ್ ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ.

"ಸರ್, ಮುಂದಿನ ಪ್ರಶ್ನೆ...?" ಎಂದಳು ಮೆಹ್ವಿಶ್ ಮೆಲ್ಲಗೆ.

"ನಿಮ್ಮ ಮೇಡಂ ಹೇಳಿದ್ರಲ್ಲಮ್ಮ," ಎಂದ. "ಇನ್ನೇನು ಕೇಳಲಿ."

ಪರೀಕ್ಷೆ ಮುಗಿದ ಮೇಲೆ ಲ್ಯಾಬ್ ಖಾಲಿಯಾಯಿತು. ಪಾಷಾ ಚಹಾ ತರುತ್ತೇನೆಂದು ಹೋದವನು ಬೇಕೆಂದೇ ಬೇಗ ಬರಲಿಲ್ಲ.

ಇಬ್ಬರ ನಡುವೆ ಮೇಜು. ಮೇಜಿನ ಮೇಲೆ ಬೋಗುಣಿ.

"ನಿಮ್ಮಜ್ಜಿ ಅವತ್ತು ತಲೆ ಬಗ್ಗಿಸಿಕೊಂಡು ಕೂತಿದ್ರು," ಎಂದ ವಸಂತ್. "ಅಸಹ್ಯಕ್ಕೆ ಅಂದ್ಕೊಂಡೆ."

"ಹೆದರಿಕೆಗೆ. ಮಗನ ಮುಂದೆ ಅವಳು ಕೆರೆಯ ಹೆಸರೇ ಎತ್ತಂಗಿರಲಿಲ್ಲ."

"ನೀನಾದ್ರೂ ಹೇಳ್ಬಹುದಿತ್ತು ಹಂಸ."

ಅವಳ ಪಿತ್ತ ನೆತ್ತಿಗೇರಿತು.

"ಯಾರಿಗೆ ಹೇಳಲಿ? ಫೋನ್ ಎತ್ತದವನಿಗಾ? ನಿಮ್ಮ ಮನೆ ಬಾಗಿಲಿಗೇ ಬಂದಿದ್ದೆ. ನಿಮ್ಮಮ್ಮ ಏನಂದ್ರು ಗೊತ್ತಾ? 'ಇನ್ನೂ ನಗೋದು ಉಳ್ಕೊಂಡಿತ್ತೇನಮ್ಮ' ಅಂತ ಕೇಳಿ ಬಾಗಿಲು ಹಾಕಿದ್ರು."

 "ನೀನು ಬಂದಿದ್ಯಾ? ಅಮ್ಮ ಹೇಳಲೇ ಇಲ್ಲ..."

"ಈಗ ಹೋಗಿ ಕೇಳು."

"ಕೇಳೋಕೆ ಅಮ್ಮ ಇಲ್ಲ. ಹೋದ ವರ್ಷ ತೀರ್ಕೊಂಡ್ಳು."

 ಬೈದು ಹಗುರವಾಗೋಣವೆಂದರೆ ಬೈಸಿಕೊಳ್ಳುವವರೂ ಉಳಿದಿರಲಿಲ್ಲ. ವಸಂತನ ಅಮ್ಮ ಯಶೋದಮ್ಮ ಒಳ್ಳೆಯ ಹೆಂಗಸು. ಮಗನ ಅವಮಾನವನ್ನು ತಾನು ನುಂಗಿದ್ದಳು, ಅಷ್ಟೆ. ಯಾರನ್ನು ದೂರುವುದು?

"ನನಗೆ ಸಿಟ್ಟು ಬಂದಿದ್ದು ಅದಕ್ಕಲ್ಲ ವಸಂತ್," ಎಂದಳು ಕೊನೆಗೆ. "ಒಂದು ನಗು ಕೇಳಿ ನನ್ನನ್ನ ಅಂಥವಳು ಅಂತ ಎಣಿಸಿಬಿಟ್ಟೆಯಲ್ಲ. ಯಾಕೆ ನಕ್ಕೆ ಅಂತ ಒಂದು ಮಾತು ಕೇಳಲಿಲ್ಲ. ಅಷ್ಟೇನಾ ನೀನು ನನ್ನ ತಿಳ್ಕೊಂಡಿದ್ದು?"

"ಚಿಕ್ಕಂದಿನಿಂದ ನಗಿಸಿಕೊಂಡೇ ಬೆಳೆದೋನು ನಾನು. ಡಬ್ಬಿ ತೆರೆದ್ರೆ ಸಾಕು, ಸ್ಕೂಲಲ್ಲಿ ಮೂಗು ಮುಚ್ಕೊಳ್ಳೋರು. ಯಾವ ನಗು ಎಂಥದ್ದು ಅಂತ ನಿಂತು ನೋಡೋ ತಾಳ್ಮೆ ನನಗೆ ಯಾವಾಗ ಇತ್ತು ಹೇಳು? ನಗು ಕೇಳಿದ್ರೆ ಎದ್ದು ಹೋಗೋದೊಂದೇ ಕಲ್ತಿದ್ದು."

 ಅವಳು ಎಂದೂ ಡಬ್ಬಿ ಮುಚ್ಚಿಟ್ಟುಕೊಂಡು ಉಂಡವಳಲ್ಲ. ಅವಳ ಮನೆಯವರು ಮುಚ್ಚಿಡುವುದನ್ನು ಕಲಿತದ್ದು ಹೊಟ್ಟೆ ತುಂಬಿದ ಮೇಲೆ.

"ಮದುವೆ...?" ಎಂದು ಕೇಳಿದಳು, ಬೋಗುಣಿಯನ್ನೇ ನೋಡುತ್ತ.

"ಆಗಿಲ್ಲ. ನೀನು?"

"ಇವತ್ತು ಸಂಜೆ ಗೊತ್ತಾಗುತ್ತೆ. ಕೆ.ಆರ್. ಪುರದೋರು ಬರ್ತಿದಾರೆ. ಹೂಂ ಅಂತೀನಿ ಅಂತ ಹೇಳಿ ಬಂದಿದೀನಿ."

ವಸಂತ್ ಕುರ್ಚಿ ಸರಿಸಿ ಎದ್ದ. ಬ್ಯಾಗು ಹೆಗಲಿಗೇರಿಸಿ ಬಾಗಿಲವರೆಗೆ ಹೋದ. ಹಂಸ ಕಣ್ಣು ಮುಚ್ಚಿದಳು. ಮತ್ತೆ ಅದೇ ಬೆನ್ನು... ಅದೇ ಹೊಸ್ತಿಲು...

ಹೆಜ್ಜೆ ಸದ್ದು ನಿಂತಿತು.

"ಈ ಸಲ ಕೇಳಿಯೇ ಹೋಗ್ತೀನಿ," ಎಂದ ಅವನು, ತಿರುಗದೆ. "ಹೂಂ ಅನ್ನೋಕೆ ನಿನಗೆ ಇಷ್ಟ ಇದೆಯಾ?"

"ಇಲ್ಲ."

"ನನ್ನ ಮೇಲೆ?"

"ಸಿಟ್ಟಿದೆ. ಬೇಕಾದಷ್ಟಿದೆ."

"ಅದು ಬಿಟ್ಟು?"

"ಅದು ಬಿಟ್ಟು ಇನ್ನೇನೂ ಇಲ್ಲದಿದ್ರೆ ಇಷ್ಟು ವರ್ಷ ಸಿಟ್ಟು ಉಳೀತಿತ್ತೇನೋ ದಡ್ಡ?"

ಅವನು ತಿರುಗಿದ. ಅವಳಾಗಲೇ ಫೋನ್ ಕಿವಿಗಿಟ್ಟಿದ್ದಳು. 

"ಅಪ್ಪಾ, ಶ್ರೀನಾಥ್ ಮನೆಯವರಿಗೆ ಬರಬೇಡಿ ಅನ್ನು."

"ಏನೇ? ತಲೆ ಕೆಟ್ಟೈತಾ? ಏನಂತ ಹೇಳ್ಲಿ ಅವರಿಗೆ?"

"ಹುಡುಗಿ ಹುಳು ತಿಂದು ಬೆಳೆದವಳು ಅಂತ ಹೇಳು. ಅವರೇ ಬರಲ್ಲ."

 ಮುನಿಶಾಮಿಯ ಬೈಗುಳ ಮೆಟ್ರೋ ರೈಲಿನಂತೆ ದಡದಡನೆ ಹೊರಟಿತು. ಅದರ ನಡುವೆ ದೂರದಿಂದ ಅಜ್ಜಿಯ ಸಣ್ಣ ದನಿ ಕೇಳಿಸಿತು. "ದಿಟಾನೇ ಹೇಳೈತಲ್ಲೋ ಕೂಸು. ನೀನೂ ತಿಂದೇ ಬೆಳೆದಿದ್ದು ಕಣ್ಲಾ..."

ಫೋನ್ ಕಟ್ಟಾಯಿತು.

ಹಂಸ ಸ್ಟೂಲಿನ ಮೇಲೆ ಕೂತಳು. ಗೆದ್ದೆನೆಂದು ಅನ್ನಿಸಲಿಲ್ಲ. ಕಳೆದ ವರ್ಷಗಳು ಯಾರ ಮನೆಯ ಬಾಗಿಲು ಬಡಿದರೂ ಸಿಗುವುದಿಲ್ಲ. ನಕ್ಷತ್ರಮೀನಿನ ತೋಳು ಮತ್ತೆ ಬೆಳೆಯುತ್ತದೆ ನಿಜ. ಆದರೆ ಹೊಸ ತೋಳು ಬಹುಕಾಲ ಗಿಡ್ಡವಾಗಿಯೇ ಇರುತ್ತದೆ. ನೋಡಿದವರಿಗೆ ಕಡಿದ ಜಾಗ ಗೊತ್ತಾಗುತ್ತದೆ.

ವಸಂತ್ ಬಂದು ಪಕ್ಕದ ಸ್ಟೂಲಿನ ಮೇಲೆ ಕೂತ. ಅವಳ ಕೈಯನ್ನು ಮುಟ್ಟಲಿಲ್ಲ. ಮುಟ್ಟುವಷ್ಟು ಹತ್ತಿರ ತನ್ನ ಕೈಯಿಟ್ಟ.

"ನೋಡು," ಎಂದ.

ಬೋಗುಣಿಯ ನೀರಿನಲ್ಲಿ ಬಸವನಹುಳುವಿನ ಮುಚ್ಚಳ ಉಗುರಿನಷ್ಟು ಸರಿದಿತ್ತು. ಒಳಗಿನಿಂದ ಬೂದುಬಣ್ಣದ ಮೈ ಇಷ್ಟೇ ಇಷ್ಟು ಹೊರಬಂದು, ನೀರನ್ನು ನಂಬಲೋ ಬೇಡವೋ ಎಂಬಂತೆ ತಡೆದು ನಿಂತಿತ್ತು.

"ಸತ್ತಿದೆ ಅಂದಿದ್ದೆ ನಾನು."

"ನೀನು ತಟ್ಟಿ ನೋಡಿದೆ. ಕಾದು ನೋಡಲಿಲ್ಲ."

ಅವನು ತಲೆ ಬಗ್ಗಿಸಿದ. ಆಮೇಲೆ ಕೇಳಿದ. "ನಾನು ನಿಮ್ಮ ಮನೆಗೆ ಬರ್ಲಾ? ಇವತ್ತೇ?"

"ಅಪ್ಪ ಬಾಗಿಲು ತೆಗೆಯಲ್ಲ."

"ಹೊರಗೇ ಕೂರ್ತೀನಿ."

"ಎದ್ದು ಹೋಗಲ್ಲ ತಾನೆ?"

"ನೀನು ನಕ್ಕರೂ ಹೋಗಲ್ಲ," ಎಂದ ವಸಂತ್.

ಹಂಸಳಿಗೆ ನಗು ಬಂತು. ಜೊತೆಗೆ ಅಳುವೂ. ಅವನು ಎರಡೂ ಮುಗಿಯುವವರೆಗೆ ಅಲ್ಲೇ ಕೂತಿದ್ದ.