ತಂಗಿಯ ಪಾಲಿನ ಗುಳಿಗೆ

ಸೋಮಲಿಂಗಪ್ಪ ಹೆಣ್ಣು ನೋಡಲು ಬಂದದ್ದು ಬಸವರಾಜೇಶ್ವರಿಯನ್ನು. ಮಂಡಕ್ಕಿ ತಿಂದು, ಚಹಾ ಕುಡಿದು, ಒಪ್ಪಿದ್ದು ತಟ್ಟೆ ಹಿಡಿದು ನಿಂತಿದ್ದ ತಂಗಿ ಗಿರಿಜಾದೇವಿಯನ್ನು. ಅಪ್ಪ ತೀರಿಕೊಂಡ ಮೇಲೆ ಅಕ್ಕ ರಾಜಾಜಿನಗರದಲ್ಲಿದ್ದ ತಂಗಿಯ ಹೊಸ ಮನೆಗೆ ಬಂದು ಅಡುಗೆಯವಳಾಗಿ ಉಳಿದಳು. ಅಲ್ಲಿನ ಒಂದೊಂದು ಪಾತ್ರೆ ತಿಕ್ಕುವಾಗಲೂ ಇದು ತನ್ನದಾಗಬೇಕಿತ್ತು ಎನಿಸುತ್ತಿತ್ತು.

೧೯೫೯ರಲ್ಲಿ ಗಿರಿಜೆಯ ಮಗು ಹೆರಿಗೆಯಲ್ಲೇ ಹೋಯಿತು. ಗೋಡೆಗೆ ಮುಖ ಮಾಡಿ ಮಲಗಿದವಳು ಏಳಲಿಲ್ಲ. ಯುಗಾದಿಯೊಳಗೆ ಸರಿಹೋಗದಿದ್ದರೆ ರಾಣೆಬೆನ್ನೂರಿಗೆ, ಅವಳ ಸೋದರಮಾವನ ಮನೆಗೆ ಕಳಿಸಿಬಿಡುತ್ತೇನೆ ಎಂದು ಸೋಮಲಿಂಗಪ್ಪ ಹೇಳಿದ್ದು ಅಕ್ಕನ ಕಿವಿಗೆ ಬಿತ್ತು. ಬೇಡವಾಗಿ ವಾಪಸಾಗುವ ರುಚಿ ತಂಗಿಗೂ ತಿಳಿಯಲಿ.

ಡಾಕ್ಟರ್ ನಂಜುಂಡಪ್ಪ ಮೊದಲು ಕೊಟ್ಟ ಗುಳಿಗೆ ಕ್ಷಯದ ಔಷಧಿಯ ಸಂಬಂಧಿ. ಕ್ಷಯದ ವಾರ್ಡಿನ ರೋಗಿಗಳು ಅದನ್ನು ನುಂಗಿ ಗೆಲುವಾದದ್ದನ್ನು ಕಂಡು, ವೈದ್ಯರು ಮನಸ್ಸು ಮಂಕಾದವರಿಗೂ ಕೊಡತೊಡಗಿದ್ದರಂತೆ. ಅದರಿಂದ ಗಿರಿಜೆಗೆ ಎದ್ದು ನಿಂತರೆ ತಲೆ ತಿರುಗಿತು, ಕಣ್ಣು ಹಳದಿಯಾಯಿತು. ಅದನ್ನು ನಿಲ್ಲಿಸಿ, ಕೆಲವು ವಾರ ಬಿಟ್ಟು, ಬೇರೆ ಜಾತಿಯ ಗುಳಿಗೆ ಕೊಟ್ಟರು. ಕೆಂಪಗಿತ್ತು, ಮೇಲೆ ಸಕ್ಕರೆ ಲೇಪ. ಇದರ ಗುಣ ಕಾಣಲು ವಾರಗಳೇ ಬೇಕೆಂದು ಅವರು ಹೇಳುತ್ತಿದ್ದಾಗ ಬಸವರಾಜೇಶ್ವರಿ ಬಾಗಿಲ ಹಿಂದಿದ್ದಳು. ಅಷ್ಟರಲ್ಲಿ ಹಾಲು ಉಕ್ಕಿತು, ಒಳಗೆ ಹೋದಳು. ಕೇಳಿದ್ದಷ್ಟೇ ಅವಳಿಗೆ ಸಾಕಿತ್ತು.

ಗುಣ ತಡವಾದರೆ ಯಾರಿಗೂ ಅನುಮಾನ ಬರದು. ಅದೇ ಬಣ್ಣದ ಟಾನಿಕ್ ಗುಳಿಗೆ ತಂದು ಶೀಶೆಯಲ್ಲಿ ಬದಲಿಸಿದಳು. ನಿಜವಾದವನ್ನು ಬಚ್ಚಲಿಗೆ ಎಸೆಯಲು ಕೈ ಬರಲಿಲ್ಲ. ತನ್ನ ಪಾಲಿನ ಸುಖ ತಿಂದವಳಲ್ಲವೇ ತಂಗಿ? ಅವಳ ಪಾಲಿನದನ್ನು ತಾನೇಕೆ ತಿನ್ನಬಾರದು? ಬಚ್ಚಿಡಲು ಹೊಟ್ಟೆಗಿಂತ ಭದ್ರವಾದ ಜಾಗವೂ ಇಲ್ಲ. ದಿನವೂ ನುಂಗಿದಳು.

ಆ ವರ್ಷ ಬೇಸಿಗೆ ಬೇಗ ಬಂದಂತಿತ್ತು. ಬಿಂದಿಗೆ ಮತ್ತೆ ಮತ್ತೆ ಬರಿದಾಗುತ್ತಿತ್ತು. ಗಿರಿಜೆ ಹಾಗೇ ಮಲಗಿದ್ದಳು. ಅಕ್ಕ ಮಾತ್ರ ಒಗ್ಗರಣೆ ಹಾಕುತ್ತ ಗುನುಗತೊಡಗಿದಳು.

"ಏನಕ್ಕಾ, ಹಾಡಾಕತ್ತೀಯಲ್ಲ," ಎಂದಳು ಗಿರಿಜೆ ಹಾಸಿಗೆಯಿಂದಲೇ. "ನಿನ್ನ ಹಾಡು ಕೇಳಿ ಎಷ್ಟು ವರ್ಷ ಆತು."

ಸೇಡಿಗೆ ಇಷ್ಟು ಸುಖವಿದೆಯೆಂದು ಅಕ್ಕನಿಗೂ ಗೊತ್ತಿರಲಿಲ್ಲ.

ಯುಗಾದಿಗೆ ಮುಂಚೆ ಡಾಕ್ಟರ್ ಬಂದರು. ಸೋಮಲಿಂಗಪ್ಪ ರಾಣೆಬೆನ್ನೂರಿನ ಮಾತೆತ್ತಿದ. ಡಾಕ್ಟರ್ ಗಿರಿಜೆಯ ನಾಲಗೆ ನೋಡಿದರು. "ಬಾಯಿ ಒಣಗ್ತಾ ಇಲ್ವೇನಮ್ಮ? ಈ ಗುಳಿಗೆಗೆ ಒಣಗುತ್ತೆ, ಪಕ್ಕದಲ್ಲಿ ನೀರಿಟ್ಕೊಳ್ಳಿ ಅಂತ ಅವತ್ತೇ ಹೇಳಿದ್ನಲ್ಲ." ಇಲ್ಲವೆಂದು ಗಿರಿಜೆ ತಲೆಯಾಡಿಸಿದಳು. "ಮನೀ ನೀರೆಲ್ಲಾ ಅಕ್ಕನಽ ಕುಡೀತಾಳ್ರೀ," ಎಂದು ಎಷ್ಟೋ ದಿನದ ಮೇಲೆ ಸಣ್ಣಗೆ ನಕ್ಕಳು. ಡಾಕ್ಟರ್ ಬಾಗಿಲ ಕಡೆ ತಿರುಗಿದರು. ಬಸವರಾಜೇಶ್ವರಿಯ ಕೈಯಲ್ಲಿ ಖಾಲಿ ಲೋಟವಿತ್ತು. "ನೀವು ತಗೊಳ್ತಾ ಇದೀರಾ ತಾಯಿ, ಆ ಗುಳಿಗೆ?" ಇಲ್ಲವೆನ್ನಲು ಅವಳು ಬಾಯಿ ತೆರೆದಳು, ನಾಲಗೆ ಅಂಗುಳಕ್ಕೆ ಅಂಟಿಕೊಂಡು ಮಾತೇ ಹೊರಡಲಿಲ್ಲ.