ಕಾರ್ಡಿಲ್ಲದ ಹನ್ನೊಂದು ಪೆಟ್ಟಿಗೆ

“ಈ ಪೆಟ್ಟಿಗೆಗಳಿಗೆ ಕಾರ್ಡೇ ಇಲ್ವಲ್ಲ!”

ಬೆನ್ನ ಹಿಂದಿನಿಂದ ಬಂದ ದನಿಗೆ ಉಗ್ರಾಣ ನೋಡಿಕೊಳ್ಳುವ ಚಿಗುಸಾ ಇನಾಗಾಕಿ ಥಟ್ಟನೆ ತಿರುಗಿದಳು.

ಉಗ್ರಾಣದ ಕೊನೆಯ ಕಪಾಟಿನ ಹಿಂದೆ ಒಬ್ಬ ಸಣಕಲು ಮನುಷ್ಯ ಮೊಣಕಾಲೂರಿ ಕೂತಿದ್ದ. ಕಂಪನಿಯ ಮುಖ್ಯ ಕಾರ್ಖಾನೆಯಿಂದ ಅಂದೇ ಬೆಳಿಗ್ಗೆ ಬಂದಿಳಿದ ಹೊರಿಬೆ! ಮೂರು ತಿಂಗಳು ಇದ್ದು, ಇಲ್ಲಿ ಬೇಡದ್ದು ಏನೇನು ತುಂಬಿದೆಯೋ ಎಲ್ಲ ಖಾಲಿ ಮಾಡಿಸಲು ಬಂದವನು.

ಕಾರಿನ ಬಾಗಿಲ ಚಿಲಕ ತಯಾರಿಸುವ ಈ ಕಾರ್ಖಾನೆಯಲ್ಲಿ ಪ್ರತಿ ಪೆಟ್ಟಿಗೆಗೂ ಒಂದು ಕಾರ್ಡು. ಪೆಟ್ಟಿಗೆ ತೆರೆದರೆ ಅದರ ಕಾರ್ಡು ಮಾಲು ಮಾಡಿದವರಿಗೆ ವಾಪಸು. ಕಾರ್ಡು ಬಂದರಷ್ಟೇ ಅವರು ಮತ್ತೆ ಮಾಡಬೇಕು. ಕಾರ್ಡಿಲ್ಲದ ಪೆಟ್ಟಿಗೆ ಎಂದರೆ ಕದ್ದಿಟ್ಟ ದಾಸ್ತಾನು.

“ಹನ್ನೊಂದಿವೆ. ಎಲ್ಲಾ ಸ್ಪ್ರಿಂಗು. ಇನಾಗಾಕಿ-ಸಾನ್, ಇವನ್ನ ಇಲ್ಲಿಟ್ಟಿದ್ದು ಯಾರು?”

ಸುಳ್ಳು ಹೇಳಲು ಬಾಯಿ ತೆರೆದಳು. ಆದರೆ ಆ ಕಣ್ಣುಗಳಲ್ಲಿ ಗದರಿಕೆ ಇರಲಿಲ್ಲ...

“ನಾನೇ. ದಯವಿಟ್ಟು... ಒಂದು ವಾರ ಟೈಮ್ ಕೊಡಿ.”

“ಯಾರ ವರ್ಕ್‌ಶಾಪಿನ ಮಾಲು?”

“ತೊಮಿಯೆ-ಸಾನ್ ಅಂತ. ನದಿ ಆಚೆ.”

ಅವಳು ತನ್ನ ಚಿಕ್ಕಮ್ಮ ಎನ್ನುವುದನ್ನು ಚಿಗುಸಾ ನುಂಗಿಕೊಂಡಳು. ಅವನು ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡು, ತಲೆಬಾಗಿಸಿ ಹೊರಟುಹೋದ.

ತಾಯಿ ಸತ್ತಾಗ ಚಿಗುಸಾಗೆ ಒಂಬತ್ತು ವರ್ಷ. ಅಂದಿನಿಂದ ಸಾಕಿದವಳು ಚಿಕ್ಕಮ್ಮ ತೊಮಿಯೆ. ಗಂಡ ಬಿಟ್ಟುಹೋದ ಒಂದೇ ಒಂದು ಯಂತ್ರದಲ್ಲಿ ಸ್ಪ್ರಿಂಗ್ ಸುತ್ತಿ, ಇವಳನ್ನು ಓದಿಸಿದವಳು. ಒಂದು ವರ್ಷದಿಂದ ಅವಳ ಮಾಲು ತಡವಾಗಿ ಬರುತ್ತಿತ್ತು. ಏಕೆಂದು ಕೇಳಿದರೆ, “ಹೋಗೇ, ನಿನ್ನ ಕೆಲಸ ನೋಡ್ಕೋ” ಎಂದು ನಗುತ್ತಿದ್ದಳು. ಬೇಗ ಬಂದ ದಿನ ಒಂದೆರಡು ಪೆಟ್ಟಿಗೆ ಬಚ್ಚಿಟ್ಟು, ತಡವಾದ ದಿನ ಅದನ್ನೇ ಚಿಲಕ ಜೋಡಿಸುವ ಸಾಲಿಗೆ ಕಳುಹಿಸಿ, ಚಿಗುಸಾ ಎಲ್ಲವನ್ನೂ ಮುಚ್ಚುತ್ತಾ ಬಂದಿದ್ದಳು.

ಆ ವಾರ ಹೊರಿಬೆ ಬಾಯಿ ಬಿಡಲಿಲ್ಲ. ಎದುರಾದಾಗ ಮುಗುಳ್ನಗುತ್ತಿದ್ದ. ಒಮ್ಮೆ ಮೇಲಿನ ಕಪಾಟಿಗೆ ಕೈಚಾಚಿದ್ದವಳ ಹಿಂದೆ ಬಂದು ಪೆಟ್ಟಿಗೆ ಇಳಿಸಿಕೊಟ್ಟ. ‘ಒಳ್ಳೆಯವನೇ ಇರಬೇಕು...’ ಎಂದುಕೊಂಡ ಮರುಕ್ಷಣವೇ ಅವಳ ಕಿವಿ ಕೆಂಪಗಾಯಿತು.

ಸೋಮವಾರ ಮುಖ್ಯಸ್ಥ ಮಕಿನೊ ಸೂಚನಾ ಫಲಕಕ್ಕೆ ಒಂದು ಹಾಳೆ ಅಂಟಿಸಿದರು. ಮುಂದಿನ ತಿಂಗಳಿಂದ ಸ್ಪ್ರಿಂಗ್ ಬೇರೆ ಕಡೆಯಿಂದ!

ಚಿಗುಸಾ ಹಾಳೆಯನ್ನು ಎರಡು ಸಲ ಓದಿದಳು. ಕಾಫಿ ಯಂತ್ರದ ಬಳಿ ನಿಂತಿದ್ದ ಹೊರಿಬೆಯ ಮುಂದೆ ಹೋಗಿ ನಿಂತಳು.

“ಒಂದು ವಾರ ಕೇಳಿದ್ದೆ ನಾನು. ಅಷ್ಟೂ ತಡೆಯೋಕಾಗ್ಲಿಲ್ವಾ?”

“ನಾನು ಹೇಳಿಲ್ಲ, ಇನಾಗಾಕಿ-ಸಾನ್.”

“ಮತ್ತೆ ಗೋಡೆ ಹೇಳ್ತಾ? ನಿಮಗೆ ಮನುಷ್ಯರೂ ಒಂದೇ, ಪೆಟ್ಟಿಗೇನೂ ಒಂದೇ! ಹೆಚ್ಚಾದ್ರೆ ಎತ್ತಿ ಬಿಸಾಕೋದು!”

ಅವನ ತುಟಿ ಅಲುಗಿತು. ಏನೋ ಹೇಳಬೇಕೆಂದವನು ತಡೆದುಕೊಂಡ. ಯಂತ್ರದಿಂದ ತೆಗೆದ ಕಾಫಿ ಡಬ್ಬಿಯನ್ನು ತೆರೆದು ಕುಡಿಯದೆಯೇ ಮೇಜಿನ ಮೇಲಿಟ್ಟು ನಡೆದ.

ಗುರುವಾರ ಚಿಕ್ಕಮ್ಮನ ಮಾಲು ಬರುವ ಮೊದಲೇ ಸಾಲಿನವರು ಸ್ಪ್ರಿಂಗ್ ಕೇಳಿದರು. ಚಿಗುಸಾ ಬಚ್ಚಿಟ್ಟಿದ್ದರಲ್ಲಿ ಮೂರು ಪೆಟ್ಟಿಗೆ ತಾನೇ ತಳ್ಳಿಕೊಂಡು ಹೋಗಿ ಕೊಟ್ಟಳು.

ಹತ್ತು ನಿಮಿಷವಾಗಿರಲಿಲ್ಲ, ಜೋಡಿಸುವ ಹೆಂಗಸು ಗೊಣಗಿದಳು. “ಏನಿದು, ಒತ್ತಿದ ಚಿಲಕ ಪುಟಿದು ವಾಪಸು ಬರೋದೇ ಇಲ್ಲ ಅಂತಿದೆ!”

ಚಿಗುಸಾ ಒಂದು ಸ್ಪ್ರಿಂಗ್ ಎತ್ತಿಕೊಂಡಳು. ಬೆರಳಿಗೆ ಇಟ್ಟಿಗೆಯ ಪುಡಿಯಂತೆ ಏನೋ ಅಂಟಿತು.

ತುಕ್ಕು.

ಜೂನ್ ತಿಂಗಳ ಮಳೆಯ ಥಂಡಿಯಲ್ಲಿ, ಗೋಡೆಗೆ ಒತ್ತಿ ಅವಳೇ ಬಚ್ಚಿಟ್ಟ ಪೆಟ್ಟಿಗೆಗಳು...

‘ಸುಮ್ಮನಿದ್ದುಬಿಡು’ ಎಂದಿತು ಮನಸ್ಸು. ‘ಸಂಜೆ ಉಳಿದದ್ದನ್ನು ಎಸೆದರಾಯಿತು. ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾದರೆ ಚಿಕ್ಕಮ್ಮನ ಕಥೆ ಇಂದೇ ಮುಗಿಯುತ್ತದೆ!’

ಸಾಲು ಸರಿಯುತ್ತಲೇ ಇತ್ತು. ಒಂದು ಚಿಲಕ... ಇನ್ನೊಂದು... ಒಂದೊಂದೂ ಯಾರದೋ ಕಾರಿನ ಬಾಗಿಲಿಗೆ. ಆ ಬಾಗಿಲಿಗೆ ಒರಗಿ ಯಾರದೋ ಮಗು ನಿದ್ದೆ ಮಾಡುತ್ತದೆ.

ಚಿಗುಸಾ ತಲೆಯ ಮೇಲೆ ತೂಗುತ್ತಿದ್ದ, ಸಾಲು ನಿಲ್ಲಿಸುವ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು.

ಕೆಂಪು ದೀಪ! ಇಡೀ ಸಾಲು ಗಕ್ಕನೆ ನಿಂತಿತು.

“ಯಾರು ಎಳೆದಿದ್ದು?” ಮಕಿನೊ ಓಡಿಬಂದರು. ಅವರ ಹಿಂದೆ ಹೊರಿಬೆ.

“ನಾನು. ಸ್ಪ್ರಿಂಗಿಗೆ ತುಕ್ಕು ಹಿಡಿದಿದೆ. ಕಾರ್ಡಿಲ್ಲದೆ ಬಚ್ಚಿಟ್ಟವಳೂ ನಾನೇ. ತೊಮಿಯೆ-ಸಾನ್ ನನ್ನ ಚಿಕ್ಕಮ್ಮ.” ಸೊಂಟ ಬಗ್ಗಿಸಿ ನಿಂತವಳು ಮೇಲೇಳಲೇ ಇಲ್ಲ.

“ಬಚ್ಚಿಟ್ಟಿದ್ರಾ!” ಮಕಿನೊ ಮುಖ ಕಪ್ಪಿಟ್ಟಿತು. “ಈ ವಿಷಯ ನಿನಗೆ ಗೊತ್ತಿತ್ತೇನಯ್ಯಾ, ಹೊರಿಬೆ?”

“ಗೊತ್ತಿತ್ತು. ಹೇಳ್ಲಿಲ್ಲ. ತಪ್ಪು ನಂದೂ ಇದೆ.”

ಚಿಗುಸಾ ಬೆಚ್ಚಿ ತಲೆಯೆತ್ತಿದಳು. ಹಾಗಾದರೆ ಇವನು ಹೇಳಿರಲಿಲ್ಲವೇ? ಫಲಕದ ಮೇಲಿನ ಹಾಳೆ, ಮಾಲು ತಡವಾಗಿ ಬರುವುದನ್ನು ಕಂಡು ಮಕಿನೊ ತಾವಾಗಿಯೇ ಅಂಟಿಸಿದ್ದೇ?

ಹೊರಿಬೆ ಆಗಲೇ ಫೋನಿನಲ್ಲಿದ್ದ. “ತೊಮಿಯೆ-ಸಾನ್, ಈ ಸೈಜು ಮುನ್ನೂರು ಬೇಕು. ಹ್ಞಾಂ, ಈಗ್ಲೇ.”

‘ಸಾಧ್ಯವೇ ಇಲ್ಲ’ ಎಂದುಕೊಂಡಳು ಚಿಗುಸಾ. ಆ ಯಂತ್ರದ ಅಚ್ಚು ಬದಲಿಸಲೇ ಎರಡು ಗಂಟೆ ಬೇಕು!

ಐವತ್ತು ನಿಮಿಷಕ್ಕೆ ಪುಟ್ಟ ವ್ಯಾನೊಂದು ಗೇಟಿನೊಳಗೆ ನುಗ್ಗಿತು. ಎಣ್ಣೆ ಮೆತ್ತಿದ ಏಪ್ರನ್ನಿನಲ್ಲೇ ಚಿಕ್ಕಮ್ಮ ಇಳಿದಳು.

“ಮುನ್ನೂರು! ಎಣಿಸ್ಕೊಳ್ಳಿ!”

“ಚಿಕ್ಕಮ್ಮಾ, ಇಷ್ಟು ಬೇಗ ಹೇಗೆ?”

“ಈ ಸಣಕಲು ಮನುಷ್ಯನನ್ನ ಕೇಳು. ಒಂದು ವಾರದಿಂದ ಬೆಳಿಗ್ಗೆ ಆರಕ್ಕೇ ನಮ್ಮನೆ ಬಾಗಿಲಲ್ಲಿ. ಬೋಲ್ಟ್ ಕಿತ್ತು ಹಿಡಿಕೆ ಹಾಕ್ದ. ಅಚ್ಚು ಬದಲಿಸೋಕೆ ಈಗ ಹನ್ನೆರಡೇ ನಿಮಿಷ!” ಚಿಕ್ಕಮ್ಮ ತನ್ನ ಗಂಟುಗಟ್ಟಿದ ಬೆರಳುಗಳನ್ನು ಮುಂದೆ ಚಾಚಿದಳು. “ಇವು ಬೋಲ್ಟ್ ತಿರುಗಿಸೋದನ್ನ ಬಿಟ್ಟು ಒಂದು ವರ್ಷ ಆಯ್ತು ಕಣೇ. ನೀನು ಕೊರಗ್ತೀಯಾಂತ, ನಮ್ಮ ಹುಡುಗಿಗೆ ಹೇಳ್ಬೇಡಪ್ಪಾ ಅಂತ ಇವನ ಹತ್ರ ಭಾಷೆ ತಗೊಂಡಿದ್ದೆ.”

ಕಾಫಿ ಯಂತ್ರದ ಮುಂದೆ ತಾನಾಡಿದ ಒಂದೊಂದು ಮಾತೂ ಚಿಗುಸಾಗೆ ಮುಳ್ಳಿನಂತೆ ತಿರುಗಿ ಚುಚ್ಚಿತು.

ಮಕಿನೊ ಹೊಸ ಸ್ಪ್ರಿಂಗೊಂದನ್ನು ಒತ್ತಿ ಬಿಟ್ಟು ನೋಡಿದರು. “ಹಗ್ಗ ಎಳೆದವರಿಗೆ ಇಲ್ಲಿ ಶಿಕ್ಷೆ ಇಲ್ಲ. ಬಚ್ಚಿಟ್ಟವರಿಗೆ ಇದೆ. ಇನಾಗಾಕಿ-ಸಾನ್, ಉಗ್ರಾಣದ ಕೀಲಿ ಕೊಡಿ, ನಾಳೆಯಿಂದ ಸಾಲಿನ ಕೆಲಸ. ತೊಮಿಯೆ-ಸಾನ್, ನಿಮಗೆ ಇನ್ನು ಮೂರು ತಿಂಗಳು. ಒಂದು ದಿನವೂ ತಡ ಆಗ್ಬಾರ್ದು.”

“ತಡ ಆದ್ರೆ ನನ್ನ ಹೆಸರು ಬದಲಾಯಿಸಿ!” ಎಂದಳು ಚಿಕ್ಕಮ್ಮ.

ಶನಿವಾರ ಬೆಳಿಗ್ಗೆ ಆರಕ್ಕೆ ಚಿಗುಸಾ ನದಿ ದಾಟಿ ವರ್ಕ್‌ಶಾಪಿಗೆ ಬಂದಾಗ ಹೊರಿಬೆ ಯಂತ್ರದ ಕೆಳಗೆ ಮಲಗಿ ಎಣ್ಣೆ ಹಾಕುತ್ತಿದ್ದ. ಚಿಕ್ಕಮ್ಮ ಇಬ್ಬರಿಗೂ ಹುದುಗಿಸಿದ ಸೋಯಾದ ಕೆಂಪು ಮಿಸೋ ಸಾರು, ಅನ್ನದುಂಡೆ ಇಟ್ಟು, ಬೇಕೆಂದೇ ಒಳಗೆ ಹೋದಳು.

“ಅವತ್ತು ನಾನು ಅಂದಿದ್ದು... ಕ್ಷಮಿಸಿ.” ಅವಳು ತಲೆಬಾಗಿಸಿದಳು. “ಭಾಷೆ ಕೊಟ್ಟಿದ್ರಿ, ಸರಿ. ಆದ್ರೆ ಅಷ್ಟೆಲ್ಲ ಅಂದಾಗ ಬೇಜಾರಾಗ್ಲಿಲ್ವಾ?”

“ಆಯ್ತು. ರಾತ್ರಿಯಿಡೀ ನಿದ್ದೆ ಬರ್ಲಿಲ್ಲ.”

“ಆದ್ರೂ ಬೆಳಿಗ್ಗೆ ಇಲ್ಲಿಗೆ ಬಂದ್ರಿ.”

“ಇಲ್ಲಿ ಗೋಡೆ ಮೇಲೆ ನಿಮ್ಮ ಶಾಲೆ ಫೋಟೋ ಇದೆ,” ಎಂದ ಹೊರಿಬೆ, ಸಾರಿನ ಬಟ್ಟಲಿಗೆ ಮುಖ ಬಗ್ಗಿಸಿ. “ಅಲ್ಲಾದ್ರೂ ನೀವು ನನ್ನ ನೋಡಿ ನಗ್ತಾ ಇದ್ರಿ.”

ಚಿಗುಸಾಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

“ಯಂತ್ರದ ಕೆಲಸ ಮುಗೀತು. ಇನ್ನು ಇಲ್ಲಿಗೆ ಬರೋಕೆ ಕಾರಣ ಇಲ್ಲ,” ಎಂದ ಅವನು ಮೆಲ್ಲಗೆ.

“ಕಾರಣ ಇಲ್ದೇನೇ ಬನ್ನಿ...”

“ನಾಳೆ ಭಾನುವಾರ.”

“ಗೊತ್ತು.” ಅವಳು ಅವನ ಎಣ್ಣೆಗೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. “ನಾಳೆ ಸಾರು ನಾನೇ ಮಾಡ್ತೀನಿ.”