ಕೆಂಪಿಯ ಬಲ ಮುಂಗಾಲು

ಬೆಳಿಗ್ಗೆ ಲಾಯದ ಬಾಗಿಲು ತೆರೆದಾಗ ಕುದುರೆ ಕೆಂಪಿ ಮೂರೇ ಕಾಲಿನ ಮೇಲೆ ಭಾರ ಬಿಟ್ಟು ನಿಂತಿತ್ತು. ಬಲ ಮುಂಗಾಲಿನ ತುದಿ ಮಾತ್ರ ನೆಲಕ್ಕೆ ತಾಗಿತ್ತು. ಅದನ್ನು ಕೊಳ್ಳುವವರು ಬರಲು ಇನ್ನು ಸ್ವಲ್ಪ ಹೊತ್ತಷ್ಟೇ ಉಳಿದಿತ್ತು.

ಲಾಳ ಹೊಡೆಯುವವನಿಗೆ ಕರೆ ಹೋಯಿತು. ಅವನು ಚೀಲ ಹೊತ್ತು ಒಳಗೆ ಬರುವಷ್ಟರಲ್ಲಿ ತೀರ್ಪು ತಯಾರಾಗಿತ್ತು.

“ನಿನ್ನೆ ಲಾಳ ಹೊಡೆದೋನು ನೀನು. ಮೊಳೆ ಮಾಂಸಕ್ಕೇ ಇಳಿದಿದೆ,” ಎಂದ ಯಜಮಾನ, ಜೇಬಿನಿಂದ ಕೈ ತೆಗೆಯದೆ. “ಇನ್ಮೇಲೆ ಈ ಕಡೆ ತಲೆ ಹಾಕ್ಬೇಡ.”

ಲಾಳದವನು ಚೀಲ ಕೆಳಗಿಟ್ಟ. ಕುದುರೆಯನ್ನು ಕುಂಟು ಮಾಡಿದವನು ಎಂಬ ಹೆಸರು ಬಂದರೆ ಮುಗಿಯಿತು. ಯಾವ ಲಾಯದವರು ಮತ್ತೆ ಕರೆದಾರು?

“ಮೊಳೆ ತಪ್ಪಿದ್ರೆ ನಿನ್ನೆನೇ ಕಾಲು ಕಿತ್ಕೋತಿತ್ತು ಸ್ವಾಮಿ. ಒಂದ್ಸಲ ಎತ್ತಿ ನೋಡ್ಲಾ?”

“ಡಾಕ್ಟರಮ್ಮ ಬರೋವರೆಗೂ ಯಾರೂ ಮುಟ್ಟೋ ಹಾಗಿಲ್ಲ.”

ಲಾಳದವನು ತುಟಿ ಕಚ್ಚಿಕೊಂಡು ಮೂಲೆಗೆ ಸರಿದ. ನಿನ್ನೆ ನೆಟ್ಟಗಿದ್ದ ಕುದುರೆ ಮಾರಾಟದ ದಿನವೇ ಕುಂಟಿದೆ ಅಂದರೆ, ಯಾರ ಕೆಲಸ ಇದು? ಕುದುರೆ ನೋಡಿಕೊಳ್ಳುವ ಮೀಸೆಯವನದೇ? ಕೆಂಪಿ ಹೋದರೆ ಅವನ ಕೆಲಸವೂ ಹೋದಂತೆಯೇ. ಇಲ್ಲ, ಯಜಮಾನನ ಬಾಮೈದನದೇ? ಲಾಯದಲ್ಲಿ ಅರ್ಧ ಪಾಲು ಅವನದು. ಆದರೆ ಮಾರಾಟ ಕುದುರಿಸಿದವನೂ ಅವನೇ, ತಾನೇ ಯಾಕೆ ಕೆಡಿಸಿಯಾನು? ಬಾಗಿಲಾಚೆ, ಒದೆ ತಲುಪದಷ್ಟು ದೂರದಲ್ಲಿ ನಿಂತು ಅವನು ಮೀಸೆಯವನನ್ನು ದುರುಗುಟ್ಟಿ ನೋಡುತ್ತಿದ್ದ. ಮೀಸೆಯವನು ಲಾಳದವನನ್ನು ನೋಡುತ್ತಿದ್ದ. ಯಾರಿಗೂ ಯಾರ ಮೇಲೂ ನಂಬಿಕೆಯಿರಲಿಲ್ಲ.

ಡಾಕ್ಟರಮ್ಮ ಬಂದವಳೇ ಕೆಂಪಿಯ ಭುಜದಿಂದ ಕೆಳಗೆ ಕೈ ಸವರಿ ಗೊರಸು ಎತ್ತಿದಳು. ಇಕ್ಕಳದಿಂದ ಒಂದೊಂದೇ ಮೊಳೆಯ ಜಾಗ ಒತ್ತಿದಳು. ಕೆಂಪಿ ಅಲುಗಲಿಲ್ಲ. ಲಾಳದ ಒಳ ಅಂಚು ಒತ್ತಿದಾಗ ಕಾಲು ಕಿತ್ತುಕೊಂಡಿತು.

“ಮೊಳೆ ಸರಿಯಾಗೇ ಇದೆ,” ಎನ್ನುತ್ತಾ ಕೊಕ್ಕೆಯಿಂದ ಮೀಟಿದಳು. ಲಾಳಕ್ಕೂ ಅಂಗಾಲಿಗೂ ನಡುವಿನಿಂದ ಚಪ್ಪಟೆ ಕಲ್ಲೊಂದು ಕೆಳಗೆ ಬಿತ್ತು.

“ಹಾಗಾದ್ರೆ ತಾನಾಗೇ ಸಿಕ್ಕಿಕೊಂಡಿದ್ದು,” ಎಂದ ಯಜಮಾನ, ತಟಕ್ಕನೆ.

“ನೆಲದ ತುಂಬ ಮರದ ಹೊಟ್ಟು. ಕಲ್ಲು ಎಲ್ಲಿಂದ ಬಂತು?”

ಉತ್ತರಕ್ಕೆ ಕಾಯದೆ ಅವಳು ಉಳಿದ ಮೂರು ಗೊರಸುಗಳನ್ನೂ ಎತ್ತಿ ನೋಡಿದಳು. ಆ ಮೂರರ ಕಡೆ ಅಲ್ಲಿಯವರೆಗೆ ಯಾರೂ ಕಣ್ಣು ಹಾಯಿಸಿರಲಿಲ್ಲ.

“ಮೀಸೆ, ಗೊರಸು ಯಾವಾಗ ಕೆರೆದೆ?”

“ನಿನ್ನೆ ಸಂಜೆ, ನಾಲ್ಕೂ. ಇವತ್ತು ಒಂದೂ ಇಲ್ಲ. ಯಜಮಾನ್ರು ಮುಟ್ಟಬೇಡ ಅಂದ್ರಲ್ಲ?”

“ಗೊರಸಿಗೆ ಎಣ್ಣೆ ಹಚ್ಚೋದು ಯಾವುದರಲ್ಲಿ?”

“ಬ್ರಷ್‌ನಲ್ಲಿ. ನಿನ್ನೆ ಹಚ್ಚಿಲ್ಲ.”

ಡಾಕ್ಟರಮ್ಮ ಸೊಂಟ ನೆಟ್ಟಗೆ ಮಾಡಿದಳು. “ಮೂರು ಗೊರಸಿನ ತುಂಬ ರಾತ್ರಿಯ ಲದ್ದಿ ಮೆತ್ತಿದೆ. ಕುಂಟೋ ಕಾಲು ಮಾತ್ರ ಸಂದುಗೊಂದು ಬಿಡದೆ ಚೊಕ್ಕಟವಾಗಿದೆ. ಸಾಲದ್ದಕ್ಕೆ ಎಣ್ಣೆ ಬೇರೆ. ಅದರಲ್ಲಿ ಬ್ರಷ್ ಎಳೆದ ಗುರುತಿಲ್ಲ, ಬೆರಳಿನ ಗೆರೆ ಇದೆ. ಕೇಡು ಮಾಡೋಕೆ ಬಂದೋನು ಕಲ್ಲು ತುರುಕಿ ಓಡ್ತಾನೆ. ಈ ಕಲ್ಲು ಇಟ್ಟೋರು ಹಾಗೆ ಮಾಡಿಲ್ಲ. ಎತ್ತಿದ ಗೊರಸನ್ನ ಕೆರೆಯದೆ, ಎಣ್ಣೆ ಸವರದೆ ಕೆಳಗೆ ಬಿಡೋಕೆ ಇವರ ಕೈಗೇ ಬರಲ್ಲ. ಬಾಮೈದ ಕುದುರೆ ಹತ್ತಿರ ಸುಳಿಯಲ್ಲ. ಮೀಸೆದು ಬ್ರಷ್. ಲಾಳದವನು ರಾತ್ರಿ ಇಲ್ಲಿರಲೇ ಇಲ್ಲ, ಬಂದಿದ್ದೇ ಈಗ. ಕುದುರೆ ಕುಂಟಿದ್ರೆ ಮೊದಲು ಕಾಲು ಎತ್ತಿ ನೋಡ್ತಾರೆ. ನೋಡಬೇಡಿ ಅಂದಿದ್ದು ಒಬ್ಬರೇ. ಯಜಮಾನ್ರೇ, ಜೇಬಿನಿಂದ ಕೈ ತೆಗೀತೀರಾ?”

ಯಜಮಾನನ ಮುಖ ಹುಳ್ಳಗಾಯಿತು. ಹೊರಬಂದ ಬೆರಳುಗಳ ಉಗುರುಸಂದಿಯಲ್ಲಿ ಗೊರಸಿನ ಕಪ್ಪು ಎಣ್ಣೆ ಕೂತಿತ್ತು.

“ಮರಿಯಾಗಿದ್ದಾಗಿಂದ ನಾನೇ ಸಾಕಿದ್ದು,” ಎಂದ, ಧ್ವನಿ ತಗ್ಗಿಸಿ. “ಬಾಮೈದನ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನೋಕಾಗ್ಲಿಲ್ಲ. ಕುಂಟೋದು ಕಂಡ್ರೆ ಅವರೇ ವಾಪಸ್ ಹೋಗ್ತಾರೆ ಅಂದ್ಕೊಂಡೆ.”

“ಮಾರಲ್ಲ ಅಂತ ಒಂದು ಮಾತು ಅಂದಿದ್ರೆ ಆಗ್ತಿತ್ತಲ್ಲ ಭಾವ?” ಎಂದ ಬಾಮೈದ.

ಲಾಳದವನು ಸಿಟ್ಟಿನಿಂದ ಮೂಲೆ ಬಿಟ್ಟು ಮುಂದೆ ಬಂದ. “ನಿಮಗೆ ಕುದುರೆ ಉಳೀಬೇಕಿತ್ತು, ಸರಿ. ನನ್ನ ಮೇಲೆ ಯಾಕೆ ಗೂಬೆ ಕೂರಿಸಿದ್ರಿ?”

ಅಷ್ಟರಲ್ಲಿ ಗೇಟಿನ ಹೊರಗೆ ಗಾಡಿ ನಿಂತ ಸದ್ದಾಯಿತು. ಕೊಳ್ಳುವವರು ಇಳಿದು ಒಳಗೆ ಬಂದರು, ಕಾಲೆತ್ತಿ ನಿಂತ ಕೆಂಪಿಯನ್ನು ಕಂಡು ಹುಬ್ಬುಗಂಟಿಕ್ಕಿದರು.

“ಏನಿದು? ಲಾಳ ಹೊಡೆದೋನು ಯಾರು?”

ಲಾಳದವನು ಯಜಮಾನನ ಕಣ್ಣಲ್ಲಿ ಕಣ್ಣಿಟ್ಟು ನಿಂತ. ಯಜಮಾನ ಎರಡು ಹೆಜ್ಜೆ ಮುಂದೆ ಬಂದು ಗಂಟಲು ಸರಿಮಾಡಿಕೊಂಡ.

“ಹೊಡೆದೋನು ಇವನೇ, ಅದರಲ್ಲಿ ಒಂದು ಮೊಳೆಯೂ ತಪ್ಪಿಲ್ಲ,” ಎಂದ. “ಕುಂಟು ಮಾಡಿದ್ದು ನಾನು.”